ಹೆಂಗಸರಿಗೂ ಗಂಡಸರಿಗೂ ಪಿಂಚಣಿಯ ವಯಸ್ಸು ಬೇರೆ ಬೇರೆ ಇರಬೇಕೇ?

ನಿಪ್ಪಾಣಿಯ ಮಗಳು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ಅವ್ವನಿಗೆ 56 ತುಂಬಿ 57 ನಡೆಯುತ್ತಿದೆ. ಮದುವೆಯಾಗಿ ನಿಪ್ಪಾಣಿಗೆ ಬಂದಂದಿನಿಂದ ಬೀಡಿ ಕಟ್ಟಿದವರು. ಅಪ್ಪ ತಂಬಾಕಿನ ವಖಾರಿಯೊಂದರಲ್ಲಿ ದುಡಿದು, ನಾಲ್ಕು ವರ್ಷಗಳಿಂದ ಭವಿಷ್ಯ ನಿಧಿಯ ಪಿಂಚಣಿ ಪಡೆಯುತ್ತಿದ್ದಾರೆ. ಹೆಂಗಸರಿಗೆ ಪಿಂಚಣಿ ಎರಡು ವರ್ಷ ಮೊದಲೇ ಸಿಗುತ್ತದೆ ಎಂಬ ಮಾತು ನಮ್ಮ ಓಣಿಯಲ್ಲಿ ಬಹಳ ಕಾಲದಿಂದ ಇದೆ. ರೈಲಿನ ಟಿಕೆಟ್ ರಿಯಾಯಿತಿಯಲ್ಲಿ ಹಿಂದೆ ಗಂಡಸರಿಗೆ 60, ಹೆಂಗಸರಿಗೆ 58 ಎಂದು ಇದ್ದದ್ದೇ ಈ ನಂಬಿಕೆಯ ಮೂಲವಿರಬೇಕು. ಆ ರಿಯಾಯಿತಿ 2020ರ ಮಾರ್ಚ್‌ನಲ್ಲಿಯೇ ನಿಂತುಹೋಗಿದ್ದರೂ ಲೆಕ್ಕ ಮಾತ್ರ ಜನರ ಬಾಯಲ್ಲಿ ಉಳಿದಿದೆ. ಅಪ್ಪನಿಗೆ 58ಕ್ಕೆ ಬಂದಿದ್ದರೆ ತನಗೆ 56ಕ್ಕೇ ಬರಬೇಕಿತ್ತಲ್ಲ, ಯಾರೋ ತಡೆಹಿಡಿದಿದ್ದಾರೆ ಎಂದು ಅವ್ವ ಪಟ್ಟು ಹಿಡಿದಿದ್ದಾಳೆ.

ಇದರ ಜೊತೆಗೆ, ಇಂಗ್ಲೆಂಡಿನಲ್ಲಿ ನರ್ಸ್ ಆಗಿರುವ ನಮ್ಮ ಕಾಕಾನ ಮಗಳು ಫೋನಿನಲ್ಲಿ ಬೇರೆಯದನ್ನೇ ಹೇಳಿದಳು. ಅಲ್ಲಿ ಹೆಂಗಸರಿಗೆ ಮೊದಲು 60ಕ್ಕೆ ಸರ್ಕಾರಿ ಪಿಂಚಣಿ ಸಿಗುತ್ತಿತ್ತು, ಈಗ ಗಂಡಸರ ಸಮಕ್ಕೆ ಏರಿಸಿದ್ದಾರೆ, ಅದಕ್ಕಾಗಿ ದೊಡ್ಡ ಹೋರಾಟ ನಡೆದಿದೆ ಎಂದಳು. ನಮ್ಮಲ್ಲಿ ನಿಜವಾಗಿ ವ್ಯತ್ಯಾಸವಿದೆಯೇ? ಬೇರೆಡೆ ಏಕೆ ಇತ್ತು, ಏಕೆ ತೆಗೆದರು? ಹಾಗೆ ಬೇರೆ ಇರುವುದು ನ್ಯಾಯವೇ ಎಂಬುದರ ಬಗ್ಗೆಯೂ ತಿಳಿದವರು ಬರೆದರೆ ಉಪಕಾರವಾಗುತ್ತದೆ.

ಟಿಳಕವಾಡಿ ನಿವೃತ್ತ

ತಂಗಿ, ನಾನು ಉದ್ಯಮಬಾಗದ ಫೌಂಡ್ರಿಗಳಲ್ಲಿ ಲೆಕ್ಕಪತ್ರದ ಕೆಲಸ ಮಾಡಿ ನಿವೃತ್ತನಾದವನು. ನೂರಾರು ಜನರ ಪಿಂಚಣಿ ಅರ್ಜಿ ನನ್ನ ಕೈಯಿಂದ ಹೋಗಿವೆ. ಅವ್ವನವರಿಗೆ ಮೊದಲು ಸಮಾಧಾನ ಹೇಳಿ. ಯಾರೂ ಏನನ್ನೂ ತಡೆಹಿಡಿದಿಲ್ಲ. 1995ರ ನವೆಂಬರ್ 16ರಿಂದ ಜಾರಿಗೆ ಬಂದ ನೌಕರರ ಪಿಂಚಣಿ ಯೋಜನೆಯಲ್ಲಿ ವಯಸ್ಸು ಗಂಡಸರಿಗೂ ಹೆಂಗಸರಿಗೂ 58 ಎಂದೇ ಇದೆ. ಕನಿಷ್ಠ 10 ವರ್ಷಗಳ ಸೇವೆ ಬೇಕೆನ್ನುವುದೂ ಇಬ್ಬರಿಗೂ ಒಂದೇ. ಕೆಲಸ ಬಿಟ್ಟವರು 50 ವರ್ಷದ ನಂತರ ಯಾವಾಗ ಬೇಕಾದರೂ ಮುಂಚಿತವಾಗಿ ಪಿಂಚಣಿ ಕೇಳಬಹುದು, ಆದರೆ 58ಕ್ಕೆ ಎಷ್ಟು ವರ್ಷ ಕಡಿಮೆಯೋ ಅಷ್ಟು ವರ್ಷಕ್ಕೆ ತಲಾ ಶೇಕಡಾ 4ರಂತೆ ಮೊತ್ತ ಕಡಿತವಾಗುತ್ತದೆ ಮತ್ತು ಆ ಕಡಿತ ಸಾಯುವವರೆಗೂ ಹಾಗೆಯೇ ಉಳಿಯುತ್ತದೆ. ಅಸಂಘಟಿತ ಕಾರ್ಮಿಕರ ಶ್ರಮಯೋಗಿ ಮಾನಧನ ಮತ್ತು ಅಟಲ್ ಪಿಂಚಣಿ ಇವೆರಡರಲ್ಲಿಯೂ ಇಬ್ಬರಿಗೂ 60. ರಾಜ್ಯ ಸರ್ಕಾರಿ ನೌಕರರ ನಿವೃತ್ತಿಯೂ ಇಬ್ಬರಿಗೂ 60.

ಹಾಗಾದರೆ ಗಂಡು ಹೆಣ್ಣಿನ ವ್ಯತ್ಯಾಸವೇ ಇಲ್ಲವೇ ಎಂದು ಕೇಳಿದರೆ, ಇದೆ. ಅದು ವಯಸ್ಸಿನ ಕಲಮಿನಲ್ಲಿ ಕಾಣುವುದಿಲ್ಲ, ಸೇವಾವಧಿಯ ಕಲಮಿನಲ್ಲಿ ಕಾಣುತ್ತದೆ. ಈ ಯೋಜನೆಯ ಸೂತ್ರ ಸರಳ: ಕೊನೆಯ 60 ತಿಂಗಳ ಸರಾಸರಿ ವೇತನವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. ಗಂಡ ಹೆಂಡತಿ ಇಬ್ಬರ ಸರಾಸರಿ ವೇತನವೂ 7,000 ರೂಪಾಯಿ ಎಂದು ಇಟ್ಟುಕೊಳ್ಳಿ. ಗಂಡನದು 25 ವರ್ಷಗಳ ಸೇವೆಯಾದರೆ, 20 ವರ್ಷ ಮೀರಿದವರಿಗೆ ಸಿಗುವ 2 ವರ್ಷಗಳ ಹೆಚ್ಚುವರಿಯೂ ಸೇರಿ 27 ವರ್ಷಗಳ ಲೆಕ್ಕದಲ್ಲಿ ತಿಂಗಳಿಗೆ 2,700 ರೂಪಾಯಿ ಬರುತ್ತದೆ. ಹೆಂಡತಿಯ ಸೇವೆ 12 ವರ್ಷವೆಂದಾದರೆ 1,200. ವಯಸ್ಸು ಒಂದೇ, ವೇತನ ಒಂದೇ, ಕಾನೂನು ಒಂದೇ, ಆದರೂ ಆಕೆಗೆ ಅರ್ಧಕ್ಕಿಂತ ಕಡಿಮೆ. ಅದೇ ಹೆಂಡತಿ ‘ಮೊದಲೇ ಬರಲಿ’ ಎಂದು 55ಕ್ಕೇ ಅರ್ಜಿ ಹಾಕಿದರೆ ಸಿಗುವುದು ಹತ್ತಿರ ಹತ್ತಿರ 1,060. ವಯಸ್ಸನ್ನು ಇಳಿಸಿದರೆ ಹೆಂಗಸರಿಗೆ ಲಾಭ ಎನ್ನುವವರು ಈ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಹಾಕಿ ನೋಡಬೇಕು.

ಗುಮ್ಮಟದ ನೆರಳು

ವಿಜಯಪುರದ ಕಾಲೇಜೊಂದರಲ್ಲಿ ಇತಿಹಾಸ ಹೇಳಿಕೊಡುವವನಾದ್ದರಿಂದ ಇಂಗ್ಲೆಂಡಿನ ಭಾಗಕ್ಕೆ ಉತ್ತರಿಸುತ್ತೇನೆ. ಇದು ಬಹಳ ಸ್ವಾರಸ್ಯದ ಕಥೆ, ಏಕೆಂದರೆ ಅಲ್ಲಿ ವ್ಯತ್ಯಾಸ ಮೊದಲಿನಿಂದಲೂ ಇರಲಿಲ್ಲ. 1908ರ ವೃದ್ಧಾಪ್ಯ ಪಿಂಚಣಿ ಕಾನೂನಿನ ಪ್ರಕಾರ 1909ರ ಜನವರಿ 1ರಿಂದ ಹಣ ಕೊಡಲು ಆರಂಭಿಸಿದಾಗ ವಯಸ್ಸು ಇಬ್ಬರಿಗೂ 70 ಇತ್ತು, ವಾರಕ್ಕೆ ಗರಿಷ್ಠ 5 ಶಿಲ್ಲಿಂಗ್. 1925ರಲ್ಲಿ ವಂತಿಗೆ ಆಧಾರಿತ ಪಿಂಚಣಿ ಬಂದಾಗಲೂ ಇಬ್ಬರಿಗೂ 65. ಹೆಂಗಸರ ವಯಸ್ಸನ್ನು 60ಕ್ಕೆ ಇಳಿಸಿದ್ದು 1940ರಲ್ಲಿ.

ಏಕೆ ಇಳಿಸಿದರು ಎನ್ನುವುದೇ ಮುಖ್ಯ. ಹೆಂಡತಿ ಸಾಮಾನ್ಯವಾಗಿ ಗಂಡನಿಗಿಂತ ಕೆಲವು ವರ್ಷ ಚಿಕ್ಕವಳು. ಗಂಡ 65 ದಾಟಿ ಪಿಂಚಣಿಗೆ ಬಂದರೂ ಆಕೆಗೆ 65 ಆಗುವವರೆಗೆ ಇಬ್ಬರೂ ಒಬ್ಬರ ಪಿಂಚಣಿಯಲ್ಲಿ ಬದುಕಬೇಕಾಗಿತ್ತು. ಅದೇ ಕಾಲದಲ್ಲಿ ಬ್ರಾಡ್‌ಫರ್ಡ್ ನಗರದ ಫ್ಲಾರೆನ್ಸ್ ವೈಟ್ ಎಂಬಾಕೆ 1935ರಲ್ಲಿ ಕಟ್ಟಿದ ಅವಿವಾಹಿತ ಮಹಿಳೆಯರ ಸಂಘ, ಗಿರಣಿಗಳಲ್ಲಿ ದುಡಿದು ಸವೆದವರಿಗೆ, ಮುದಿ ತಂದೆತಾಯಿಗಳನ್ನು ನೋಡಿಕೊಳ್ಳಲೆಂದು ಕೆಲಸ ಬಿಟ್ಟವರಿಗೆ 55ಕ್ಕೇ ಪಿಂಚಣಿ ಕೊಡಿ ಎಂದು ದೇಶದಾದ್ಯಂತ ಕೇಳುತ್ತಿತ್ತು. ಕೊನೆಗೆ ಸಿಕ್ಕಿದ್ದು 60. ಹೆಂಗಸರ ಮೇಲಿನ ಕನಿಕರದಿಂದಲೇ ಇದು ಆಯಿತು ಎಂದು ಹೇಳುವವರಿದ್ದಾರೆ; ನನಗೆ ಹಾಗೆ ಕಾಣುವುದಿಲ್ಲ. ಗಂಡನ ಪಿಂಚಣಿಯ ಹೊತ್ತಿಗೆ ಹೆಂಡತಿಯದನ್ನೂ ಹೊಂದಿಸುವ ಲೆಕ್ಕಾಚಾರವೇ ಅದರಲ್ಲಿ ದೊಡ್ಡದಾಗಿತ್ತು.

ಹೀಗೆ ಮೊದಲೇ ಸಿಗುವ ಪಿಂಚಣಿಗೆ ಇನ್ನೊಂದು ಮುಖವೂ ಇತ್ತು. ಹೆಂಗಸರಿಗೆ ಪಿಂಚಣಿ 60ಕ್ಕೆ ಬರುತ್ತದೆ ಎಂದ ಮೇಲೆ ಕೆಲಸದಿಂದಲೂ 60ಕ್ಕೆ ಹೋಗಲಿ ಎಂದು ಮಾಲೀಕರು ನಿಯಮ ಮಾಡಿಕೊಂಡರು. ಸೌತಾಂಪ್ಟನ್ ಪ್ರದೇಶದ ಆರೋಗ್ಯ ಪ್ರಾಧಿಕಾರದಲ್ಲಿ ಆಹಾರತಜ್ಞೆಯಾಗಿದ್ದ ಹೆಲೆನ್ ಮಾರ್ಷಲ್ ಅವರನ್ನು, ಇನ್ನೂ ದುಡಿಯುವ ಇಚ್ಛೆಯಿದ್ದಾಗಲೇ, 62ನೇ ವಯಸ್ಸಿಗೆ ಇದೇ ಕಾರಣ ಹೇಳಿ ತೆಗೆದರು. ಗಂಡಸಾಗಿದ್ದರೆ ಅವರು 65ರವರೆಗೆ ಇರಬಹುದಾಗಿತ್ತು. ಅದು ತಾರತಮ್ಯವೆಂದು ಯುರೋಪಿನ ನ್ಯಾಯಾಲಯ 1986ರಲ್ಲಿ ತೀರ್ಪು ಕೊಟ್ಟಿತು. ನಮ್ಮಲ್ಲಿಯೂ ನಿವೃತ್ತಿಯ ವಯಸ್ಸಿನ ಇಂತಹ ಜಗಳ ನಡೆದಿದೆ: ಏರ್ ಇಂಡಿಯಾದ ಗಗನಸಖಿಯರನ್ನು 35ಕ್ಕೆ, ಇಲ್ಲವೇ ಮೊದಲ ಗರ್ಭಧಾರಣೆಗೆ ಕೆಲಸದಿಂದ ತೆಗೆಯಬಹುದೆಂಬ ನಿಯಮದಲ್ಲಿ ಗರ್ಭಧಾರಣೆಯ ಭಾಗವನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿದ್ದು 1981ರಲ್ಲಿ.

ಆಮೇಲೆ 1995ರ ಕಾನೂನು ಬಂದಿತು. ಬ್ರಿಟನ್ನಿನ ಹೆಂಗಸರ ಪಿಂಚಣಿ ವಯಸ್ಸನ್ನು 2010ರಿಂದ 2020ರೊಳಗೆ ಮೆಲ್ಲಗೆ 65ಕ್ಕೆ ಏರಿಸಬೇಕೆಂದು ಅದರಲ್ಲಿ ಗೊತ್ತುಮಾಡಲಾಗಿತ್ತು. 2011ರ ಇನ್ನೊಂದು ಕಾನೂನು ಅದರ ವೇಗ ಹೆಚ್ಚಿಸಿತು: 2018ರ ನವೆಂಬರ್‌ಗೆ ಇಬ್ಬರಿಗೂ 65, 2020ರ ಅಕ್ಟೋಬರ್‌ಗೆ ಇಬ್ಬರಿಗೂ 66. ಈಗ 2026 ಮತ್ತು 2028ರ ನಡುವೆ ಅದು 67ಕ್ಕೆ ಏರಬೇಕಾಗಿದೆ. ನಿಮ್ಮ ಕಾಕಾನ ಮಗಳು ಹೇಳಿದ ಹೋರಾಟ 1950ರ ದಶಕದಲ್ಲಿ ಹುಟ್ಟಿದ ಹೆಂಗಸರದು. ಸಮಾನತೆಯೇ ಬೇಡವೆಂದು ಅವರಲ್ಲಿ ಹೆಚ್ಚಿನವರು ಹೇಳಲಿಲ್ಲ. 60ಕ್ಕೆ ಬರುತ್ತದೆಂದು ನಂಬಿ ಕೆಲಸ ಬಿಟ್ಟವರಿಗೆ ಇನ್ನೂ ಐದಾರು ವರ್ಷ ಕಾಯಬೇಕೆಂಬ ಪತ್ರ ತಡವಾಗಿ ತಲುಪಿತು ಎನ್ನುವುದೇ ಅವರ ದೂರು. ಪತ್ರಗಳನ್ನು ಕಳುಹಿಸುವುದರಲ್ಲಿ 28 ತಿಂಗಳ ವಿಳಂಬವಾಗಿತ್ತೆಂದು ಸರ್ಕಾರದ ಮೇಲಿನ ದೂರುಗಳನ್ನು ವಿಚಾರಿಸುವ ಅಲ್ಲಿನ ಸಂಸದೀಯ ಓಂಬುಡ್ಸ್‌ಮನ್ ಕಂಡುಕೊಂಡು, 2024ರ ಮಾರ್ಚ್‌ನಲ್ಲಿ ತಲಾ 1,000ದಿಂದ 2,950 ಪೌಂಡ್‌ವರೆಗಿನ ಪರಿಹಾರವನ್ನು ಸೂಚಿಸಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಸರ್ಕಾರ ತಪ್ಪಿಗೆ ಕ್ಷಮೆ ಕೇಳಿ, ಪರಿಹಾರ ಮಾತ್ರ ಕೊಡುವುದಿಲ್ಲ ಎಂದಿತು.

ಇಳಕಲ್ ಸೆರಗು

ಟಿಳಕವಾಡಿಯ ಹಿರಿಯರ ಲೆಕ್ಕ ಸರಿಯಿದೆ, ಆದರೆ ಅದು ಭವಿಷ್ಯ ನಿಧಿಯ ಪುಸ್ತಕದಲ್ಲಿ ಹೆಸರಿರುವವರ ಲೆಕ್ಕ. ನಮ್ಮಂತಹ ನೇಕಾರರ ಮನೆಗಳ ಹೆಂಗಸರ ಹೆಸರು ಯಾವ ಪುಸ್ತಕದಲ್ಲಿಯೂ ಇರುವುದಿಲ್ಲ. ಮಗ್ಗದ ಮೇಲೆ ಕೂರುವವನು ನೇಕಾರ, ಗುರುತಿನ ಚೀಟಿ ಅವನದು. ಬೆಳಗ್ಗೆ ಅಡುಗೆ ಮುಗಿಸಿ ಕಂಡಿಕೆ ಸುತ್ತಲು ಕೂತವಳು, ಎಳೆ ಹರಿದಾಗ ಎದ್ದು ಬಂದು ಗಂಟು ಹಾಕುವವಳು, ಬಾಣಂತನದ ನಡುವೆಯೂ ರಾಟೆ ಬಿಡದವಳು ‘ಮನೆಯಲ್ಲಿರುವವಳು’ ಎಂದು ಬರೆಯಲ್ಪಡುತ್ತಾಳೆ. ನನ್ನ ಅತ್ತೆಯವರಿಗೆ 61. ಕಣ್ಣಿಗೆ ಪೊರೆ ಬಂದು ನೂಲಿನ ಎಳೆ ಕಾಣುವುದಿಲ್ಲ, ನೆಲದ ಮೇಲೆ ಕೂತರೆ ಏಳಲು ಇನ್ನೊಬ್ಬರ ಕೈ ಬೇಕು. ಸಂಧ್ಯಾ ಸುರಕ್ಷಾ ಯೋಜನೆಗೆ ಗಂಡಸರಂತೆ ಅವರೂ 65 ಆಗುವವರೆಗೆ ಕಾಯಬೇಕು ಎನ್ನುವುದು ಯಾವ ಸಮಾನತೆ? ಬಿ.ಪಿ.ಎಲ್. ಕುಟುಂಬದವರಿಗೆ 60ರಿಂದ ಸಿಗುವ ವೃದ್ಧಾಪ್ಯ ವೇತನ 65ರವರೆಗೆ 800 ರೂಪಾಯಿ ಮಾತ್ರ, 1,200 ಆಗುವುದು ಅದರ ನಂತರ.

ನಮ್ಮ ದೇಶದಲ್ಲಿ ವ್ಯತ್ಯಾಸವೇ ಇಲ್ಲ ಎನ್ನುವಂತೆಯೂ ಇಲ್ಲ. ರಾಜಸ್ಥಾನದ ವೃದ್ಧಾಪ್ಯ ಪಿಂಚಣಿ ಹೆಂಗಸರಿಗೆ 55ಕ್ಕೆ, ಗಂಡಸರಿಗೆ 58ಕ್ಕೆ. ಪಂಜಾಬಿನಲ್ಲಿ 58 ಮತ್ತು 65, ಅಂದರೆ ಏಳು ವರ್ಷಗಳ ಅಂತರ. ಜಾರ್ಖಂಡ್ ಸರ್ಕಾರ ಹೆಂಗಸರಿಗೆ, ದಲಿತರಿಗೆ ಮತ್ತು ಆದಿವಾಸಿಗಳಿಗೆ ವಯಸ್ಸನ್ನು 50ಕ್ಕೆ ಇಳಿಸಿದೆ. ನೆರೆಯ ಬಾಂಗ್ಲಾದೇಶದಲ್ಲಿ ಹೆಂಗಸರಿಗೆ 62, ಗಂಡಸರಿಗೆ 65. ಮಹಿಳೆಯರಿಗಾಗಿ ವಿಶೇಷ ವ್ಯವಸ್ಥೆ ಮಾಡಲು ಸಂವಿಧಾನದ 15(3)ನೇ ವಿಧಿಯೇ ಅವಕಾಶ ಕೊಟ್ಟಿರುವಾಗ ಕರ್ನಾಟಕ ಮಾಡಬಾರದೇಕೆ? ಹೆಂಗಸರು ಹೆಚ್ಚು ಕಾಲ ಬದುಕುತ್ತಾರೆ, ಆದ್ದರಿಂದ ಅವರಿಗೆ ತಡವಾಗಿ ಕೊಟ್ಟರೂ ನಡೆಯುತ್ತದೆ ಎಂದು ಕೆಲವರು ವಾದಿಸುತ್ತಾರೆ. 2016–20ರ ಮಾದರಿ ನೋಂದಣಿ ವ್ಯವಸ್ಥೆಯ ಅಂಕಿಅಂಶದಲ್ಲಿ ಗಂಡಸರ ಸರಾಸರಿ ಆಯುಷ್ಯ 68.6, ಹೆಂಗಸರದು 71.4 ಎನ್ನುವುದು ನಿಜ. ಆ ಹೆಚ್ಚಿನ ವರ್ಷಗಳನ್ನು ವಿಧವೆಯಾಗಿ, ಮಗನ ಮನೆಯಲ್ಲಿ, ಕೈಯಲ್ಲಿ ಕಾಸಿಲ್ಲದೆ ಕಳೆಯುವವಳಿಗೆ ಆಯುಷ್ಯವನ್ನು ತೋರಿಸಿ ಪಿಂಚಣಿ ಮುಂದೂಡುವುದು ನನಗಂತೂ ಒಪ್ಪಿಗೆಯಿಲ್ಲ.

ಟಿಳಕವಾಡಿ ನಿವೃತ್ತ

ಅಕ್ಕನವರೇ, ನೀವು ಹೇಳಿದ್ದರಲ್ಲಿ ನನಗೆ ತಕರಾರಿಲ್ಲ. ನಿಮ್ಮ ಮಾತಿನಿಂದಲೇ ಒಂದು ಭೇದ ಸ್ಪಷ್ಟವಾಗುತ್ತದೆ. ರಾಜಸ್ಥಾನ, ಪಂಜಾಬ್, ಬಾಂಗ್ಲಾದೇಶ ಇವೆಲ್ಲ ಸರ್ಕಾರ ತನ್ನ ಬೊಕ್ಕಸದಿಂದ ಕೊಡುವ ನಿಗದಿತ ಮೊತ್ತದ ಪಿಂಚಣಿಗಳು. ಅಲ್ಲಿ ಎಷ್ಟು ವರ್ಷ ದುಡಿದಿರಿ ಎಂದು ಯಾರೂ ಕೇಳುವುದಿಲ್ಲ, ಮೊದಲು ಕೊಟ್ಟರೆಂದು ಮೊತ್ತವೂ ಕಡಿಮೆಯಾಗುವುದಿಲ್ಲ. ಆದ್ದರಿಂದ ವಯಸ್ಸು ಇಳಿಸಿದಷ್ಟೂ ಹೆಂಗಸರಿಗೆ ಲಾಭವೇ. ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ಹೆಂಗಸರಿಗೆ 60 ಎಂದು ಮಾಡಬೇಕೆಂಬ ಬೇಡಿಕೆಗೆ ನನ್ನ ಸಹಿಯೂ ಇರಲಿ.

ವಂತಿಗೆ ಕಟ್ಟಿ ಪಡೆಯುವ ಪಿಂಚಣಿಯಲ್ಲಿ ಮಾತ್ರ ಅದು ತಿರುಗುಬಾಣವಾಗುತ್ತದೆ. ಪೋಲೆಂಡನ್ನೇ ನೋಡಿ. ಅಲ್ಲಿ 2012ರಲ್ಲಿ ಇಬ್ಬರಿಗೂ 67ರ ಕಡೆಗೆ ಏರಿಸುವ ಕಾನೂನು ಮಾಡಿದರು. ಜನರ ವಿರೋಧ ಕಂಡ ಮುಂದಿನ ಸರ್ಕಾರ 2017ರ ಅಕ್ಟೋಬರ್‌ನಿಂದ ಹೆಂಗಸರಿಗೆ 60, ಗಂಡಸರಿಗೆ 65 ಎಂದು ಮತ್ತೆ ಹಳೆಯದಕ್ಕೇ ತಂದಿತು. ಅಲ್ಲಿಯ ಪಿಂಚಣಿ ಪ್ರತಿಯೊಬ್ಬರ ಖಾತೆಗೆ ಜಮೆಯಾದ ವಂತಿಗೆಯ ಮೇಲೆಯೇ ನಿಂತಿರುವುದರಿಂದ ಐದು ವರ್ಷ ಮೊದಲೇ ಹೊರಬಂದ ಹೆಂಗಸಿಗೆ ಕಟ್ಟಿದ್ದೂ ಕಡಿಮೆ, ಅದನ್ನು ಹಂಚಿಕೊಳ್ಳಬೇಕಾದ ವರ್ಷಗಳೂ ಹೆಚ್ಚು. ಚೀನಾ ಈಚೆಗೆ, 2025ರ ಜನವರಿ 1ರಿಂದ, ಗಂಡಸರಿಗೆ 60ರಿಂದ 63ಕ್ಕೆ, ಕಾರ್ಖಾನೆ ಕೆಲಸದ ಹೆಂಗಸರಿಗೆ 50ರಿಂದ 55ಕ್ಕೆ, ಕಚೇರಿ ಕೆಲಸದ ಹೆಂಗಸರಿಗೆ 55ರಿಂದ 58ಕ್ಕೆ ಹದಿನೈದು ವರ್ಷಗಳಲ್ಲಿ ಏರಿಸಲು ಹೊರಟಿದೆ. ಅಂತರ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಭವಿಷ್ಯ ನಿಧಿಯ ಪಿಂಚಣಿಯಲ್ಲಿ 58 ಇಬ್ಬರಿಗೂ ಇರಲಿ. ಹೆರಿಗೆಗೆ, ಮಕ್ಕಳಿಗೆ, ಹಾಸಿಗೆ ಹಿಡಿದ ಹಿರಿಯರಿಗೆ ಎಂದು ಕೆಲಸ ಬಿಟ್ಟ ವರ್ಷಗಳಲ್ಲಿ ಒಂದಷ್ಟನ್ನಾದರೂ ಸೇವೆಗೆ ಸೇರಿಸಿಕೊಡುವ ನಿಯಮ ಬರಲಿ. ಬ್ರಿಟನ್ನಿನಲ್ಲಿ 12 ವರ್ಷದೊಳಗಿನ ಮಗುವಿಗಾಗಿ ಮಕ್ಕಳ ಭತ್ಯೆ ಪಡೆಯುವ ತಾಯಿಗೆ ಆ ವರ್ಷಗಳು ಪಿಂಚಣಿಯ ಲೆಕ್ಕಕ್ಕೆ ಬರುತ್ತವೆ. ಅಂತಹದ್ದು ನಮಗೆ ಹೆಚ್ಚು ಬೇಕಾಗಿದೆ.

ಇನ್ನೊಂದು ಮಾತು. ಪಿಂಚಣಿ ಪಡೆಯುತ್ತಿದ್ದ ಗಂಡ ತೀರಿಕೊಂಡರೆ ಈ ಯೋಜನೆಯಲ್ಲಿ ಹೆಂಡತಿಗೆ ಅದರ ಅರ್ಧ ಸಿಗುತ್ತದೆ, ಹೆಂಡತಿ ತೀರಿಕೊಂಡರೆ ಗಂಡನಿಗೂ ಹಾಗೆಯೇ. ಆಕೆಯ ಸ್ವಂತ ಪಿಂಚಣಿ ಇದ್ದರೂ ಇದು ತಪ್ಪುವುದಿಲ್ಲ. ಅರ್ಜಿ ಹಾಕುವಾಗ ಗಂಡ ಹೆಂಡತಿ ಇಬ್ಬರೂ ಇರುವ ಜಂಟಿ ಫೋಟೋ ಕೇಳುವುದು ಅದಕ್ಕಾಗಿಯೇ.

ನಿಪ್ಪಾಣಿಯ ಮಗಳು

ಎಲ್ಲರ ಉತ್ತರಗಳನ್ನೂ ಅವ್ವನಿಗೆ ಓದಿ ಹೇಳಿದೆ. 56ರ ಮಾತು ಬಿಟ್ಟಳು. ಆದರೆ ಸೇವಾವಧಿಯ ಮಾತು ಕೇಳಿ ಹೊಸ ಚಿಂತೆ ಹತ್ತಿತು. ಅವಳು ಮದುವೆಯಾಗಿ ಬಂದ ಮೇಲೆ ಬಹಳ ವರ್ಷ ಬೀಡಿ ಕಟ್ಟಿದ್ದು ಅಜ್ಜಿಯ ಕಾರ್ಡಿನ ಮೇಲೆ. ಗುತ್ತಿಗೆದಾರನ ಪುಸ್ತಕದಲ್ಲಿ ಅಜ್ಜಿಯ ಹೆಸರು, ಸಾವಿರ ಬೀಡಿಯ ಮಜೂರಿಯೂ ಅಜ್ಜಿಯ ಕೈಗೆ, ಕಟ್ಟಿದ ಬೆರಳು ಮಾತ್ರ ಅವ್ವನವು. ನಮ್ಮ ಓಣಿಯಲ್ಲಿ ಎಲ್ಲರ ಮನೆಯಲ್ಲಿಯೂ ಹೀಗೆಯೇ ನಡೆಯುತ್ತಿತ್ತು. ಅವ್ವನ ಹೆಸರಿಗೆ ಬೇರೆ ಕಾರ್ಡ್ ಆಗಿದ್ದು ಅಜ್ಜಿ ಹೋದ ಮೇಲೆ, ಹನ್ನೊಂದು ವರ್ಷದ ಹಿಂದೆ. ಆ ಹಳೆಯ ವರ್ಷಗಳನ್ನು ಸೇರಿಸಲು ದಾರಿ ಇದೆಯೇ? ಇನ್ನೊಂದು ತೊಡಕೆಂದರೆ, ಅವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆಧಾರ್‌ನಲ್ಲಿ ಜನವರಿ 1 ಎಂದು ಇದೆ, ಭವಿಷ್ಯ ನಿಧಿಯ ದಾಖಲೆಯಲ್ಲಿ ಎರಡು ವರ್ಷ ಚಿಕ್ಕವಳೆಂದು ಇದೆ. ಅದರ ಪ್ರಕಾರ 58 ಆಗಲು ಇನ್ನೂ ಮೂರು ವರ್ಷ ಬೇಕು.

ಟಿಳಕವಾಡಿ ನಿವೃತ್ತ

ತಂಗಿ, ಕಾರ್ಡಿನ ವಿಷಯದಲ್ಲಿ ಸಿಹಿ ಮಾತು ಹೇಳಲು ಆಗುವುದಿಲ್ಲ. ಮನೆಯಲ್ಲಿ ಕೂತು ಬೀಡಿ ಕಟ್ಟುವವರಿಗೂ ಭವಿಷ್ಯ ನಿಧಿ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 1985ರಲ್ಲಿಯೇ ಹೇಳಿದೆ, ಆದ್ದರಿಂದ ಹಕ್ಕು ಇತ್ತು. ಆದರೆ ಅಜ್ಜಿಯ ಹೆಸರಿನಲ್ಲಿ ಜಮೆಯಾದ ವಂತಿಗೆ ಅಜ್ಜಿಯ ಸೇವೆಯಾಗಿಯೇ ಉಳಿಯುತ್ತದೆ, ಅದನ್ನು ಸೊಸೆಯ ಖಾತೆಗೆ ಸೇರಿಸಲು ಬರುವುದಿಲ್ಲ. ಅಜ್ಜಿಯ ಖಾತೆಯ ಹಣವನ್ನು ನಾಮಿನಿ ಅಥವಾ ವಾರಸುದಾರರು ಪಡೆದಿದ್ದಾರೆಯೇ ಎಂದು ಮೊದಲು ವಿಚಾರಿಸಿ. ಅನೇಕ ಮನೆಗಳಲ್ಲಿ ಅದು ಹಾಗೆಯೇ ಬಿದ್ದಿರುತ್ತದೆ. ಅವ್ವನ ಸ್ವಂತ ಸೇವೆ 10 ವರ್ಷ ದಾಟಿರುವುದರಿಂದ ಮಾಸಿಕ ಪಿಂಚಣಿಗೆ ಅವರು ಅರ್ಹರು, ಅದು ದೊಡ್ಡ ಸಂಗತಿ. ಹತ್ತು ತುಂಬದವರಿಗೆ ಒಂದೇ ಸಲ ಒಂದಿಷ್ಟು ಹಣ ಕೊಟ್ಟು ಮುಗಿಸುತ್ತಾರೆ.

ಜನ್ಮದಿನಾಂಕದ ತಿದ್ದುಪಡಿಯನ್ನು ಈಗಲೇ ಹಿಡಿಯಿರಿ, ಅರ್ಜಿಯ ದಿನದವರೆಗೆ ಕಾಯಬೇಡಿ. ಆಧಾರ್ ಒಂದನ್ನೇ ತೋರಿಸಿದರೆ ಸಾಲದು. ಜನ್ಮದಿನಾಂಕದ ಪುರಾವೆಯ ಪಟ್ಟಿಯಿಂದ ಅದನ್ನು ಭವಿಷ್ಯ ನಿಧಿ ಸಂಸ್ಥೆ 2024ರ ಜನವರಿಯಲ್ಲಿ ತೆಗೆದುಹಾಕಿದೆ. ಜನನ ಪ್ರಮಾಣಪತ್ರ, ಶಾಲೆಯ ದಾಖಲೆ, ಪ್ಯಾನ್ ಕಾರ್ಡ್ ಇವುಗಳಲ್ಲಿ ಒಂದು ಬೇಕು. ಶಾಲೆಗೆ ಹೋದವರಿಗಾದರೆ ಮಾಸ್ತರರು ಬರೆದ ಜೂನ್ 1 ಎಂಬ ದಿನಾಂಕವಾದರೂ ಇರುತ್ತದೆ, ಹೋಗದ ಹೆಂಗಸರಿಗೆ ಅದೂ ಇಲ್ಲ; ಈ ನಿಯಮದ ಭಾರ ಯಾರ ಮೇಲೆ ಬೀಳುತ್ತದೆ ಎಂದು ಬೇರೆ ಹೇಳಬೇಕಾಗಿಲ್ಲ. ಯಾವುದೂ ಇಲ್ಲದಿದ್ದರೆ ಸಿವಿಲ್ ಸರ್ಜನ್ ಪರೀಕ್ಷಿಸಿ ಕೊಡುವ ವಯಸ್ಸಿನ ಪ್ರಮಾಣಪತ್ರವನ್ನು ಪ್ರಮಾಣೀಕೃತ ಅಫಿಡವಿಟ್ ಜೊತೆಗೆ ಕೊಡಬಹುದು. ಅವ್ವನ ಹೆಸರಿನಲ್ಲಿ ಪ್ಯಾನ್ ಕಾರ್ಡ್ ಇದ್ದರೆ ಅದರಲ್ಲಿ ಯಾವ ದಿನಾಂಕ ಇದೆ ಎಂದು ನೋಡಿ ಇಲ್ಲಿ ಬರೆಯಿರಿ. ಈ ತಿದ್ದುಪಡಿಗೆ ಹಾಕುವ ಜಂಟಿ ಘೋಷಣೆಯ ಅರ್ಜಿಯನ್ನು ಹೇಗೆ ತುಂಬಬೇಕು, ಮಾಲೀಕರ ಸಹಿ ಎಲ್ಲಿ ಬೇಕು ಎಂಬುದನ್ನು ಅದರ ಮೇಲೆ ಹೇಳುತ್ತೇನೆ.